ಮೆಸ್ಸೀಯನಿಗಾಗಿ ಕಾದ ಎರಡು ಪೀಪಾಯಿ

ಯಹೂದಿಗಳ ಅನುಭಾವ ಪರಂಪರೆ ಕಬ್ಬಾಲಾ ಅಂದರೆ ಬಹಳ ಜನಕ್ಕೆ ನೆನಪಾಗೋದು ಹಾಲಿವುಡ್ ನಟಿಯರ ಮಣಿಕಟ್ಟಿನ ಕೆಂಪು ದಾರ. ನನಗೆ ನೆನಪಾಗೋದು ಎರಡು ಪೀಪಾಯಿ.

ಹ್ಯಾಂಬರ್ಗ್‌ನ ಗ್ಲುಕೆಲ್ ಎಂಬ ಯಹೂದಿ ವ್ಯಾಪಾರಸ್ಥೆ ಯಿಡ್ಡಿಷ್‌ನಲ್ಲಿ ಬರೆದಿಟ್ಟ ಆತ್ಮಕತೆಯಲ್ಲಿ ಅವು ಬರುತ್ತವೆ. ಹಿಲ್ಡೆಸ್‌ಹೈಮ್‌ನಿಂದ ಅವಳ ಮಾವ ಕಳಿಸಿದ್ದು. ಒಳಗೆ ನಾರುಬಟ್ಟೆ, ಬಟಾಣಿ, ಕಾಳು, ಒಣಮಾಂಸ, ಒಣಗಿಸಿದ ಪ್ಲಮ್. ಯಹೂದಿಗಳು ಕಾಯುತ್ತಿದ್ದ ಉದ್ಧಾರಕ ಮೆಸ್ಸೀಯ ಬಂದಾಯ್ತು, ಇನ್ನು ಹಡಗು ಹತ್ತಿ ಪವಿತ್ರಭೂಮಿಗೆ ಹೊರಡೋದೇ ಅಂತ ಆ ಮುದುಕ ಹಾಮೆಲ್ನ್‌ನ ಮನೆ, ಜಮೀನು ಎಲ್ಲ ಬಿಟ್ಟು ಬಂದಿದ್ದ.

ಮೆಸ್ಸೀಯ ಯಾರು? 1626ರಲ್ಲಿ ಇಜ್ಮೀರ್‌ನಲ್ಲಿ ಹುಟ್ಟಿದ ಸಬ್ಬತಾಯ್ ಜ್ವಿ. ಒಮ್ಮೆ ಉನ್ಮಾದ, ಒಮ್ಮೆ ಮಂಕು. ತಳಮಳಕ್ಕೆ ಪರಿಹಾರ ಕೇಳಿಕೊಂಡು ಗಾಜಾದ ನಾಥನ್ ಎಂಬ ಯುವಕನ ಹತ್ತಿರ ಹೋದರೆ ಅವನು 1665ರಲ್ಲಿ 'ನೀನೇ ಮೆಸ್ಸೀಯ' ಅಂದುಬಿಟ್ಟ. ಮದ್ದು ಕೇಳಿದವನಿಗೆ ಕಿರೀಟ!

ನಂಬಿದವರನ್ನು ಪೆದ್ದರು ಅಂದು ಮುಗಿಸುವವರ ಜೊತೆ ನನ್ನ ತಕರಾರಿದೆ. ಪವಿತ್ರಭೂಮಿಯ ಸಫೇದ್ ಊರಿಗೆ 1570ರಲ್ಲಿ ಬಂದ ಕಬ್ಬಾಲಾ ಗುರು ಐಸಾಕ್ ಲೂರಿಯಾ ಎರಡೇ ವರ್ಷ ಪಾಠ ಹೇಳಿ ತೀರಿಕೊಂಡ. ಶಿಷ್ಯ ಹಯೀಮ್ ವಿಟಾಲ್ ಬರೆದಿಟ್ಟದ್ದರ ಸಾರ ಇಷ್ಟು: ಸೃಷ್ಟಿಯ ಹೊತ್ತಲ್ಲಿ ದೈವದ ಬೆಳಕನ್ನು ತಾಳಲಾರದೆ ಪಾತ್ರೆಗಳು ಒಡೆದವು, ಕಿಡಿಗಳು ಎಲ್ಲೆಲ್ಲೋ ಬಿದ್ದವು. ನೀವು ಮಾಡುವ ಪ್ರತಿ ಪ್ರಾರ್ಥನೆ, ಪ್ರತಿ ವಿಧಿ ಒಂದೊಂದು ಕಿಡಿಯನ್ನು ಮೇಲೆತ್ತುತ್ತದೆ. ಇದೇ ತಿಕ್ಕೂನ್, ರಿಪೇರಿ. ನಡುರಾತ್ರಿ ಎದ್ದು, ಚಪ್ಪಲಿ ಕಳಚಿ, ಬಾಗಿಲ ಪಕ್ಕ ನೆಲದ ಮೇಲೆ ಕೂತು, ಹಣೆಗೆ ಬೂದಿ ಹಚ್ಚಿಕೊಂಡು, ಜೆರುಸಲೇಮಿನ ಕೆಡವಿದ ದೇವಾಲಯಕ್ಕಾಗಿ ಅಳುವುದೂ ಆ ರಿಪೇರಿಯದೇ ಭಾಗ. ಹಾಗೆ ಅತ್ತವರಿಗೆ, 1648ರ ಉಕ್ರೇನ್ ಯಹೂದಿ ಹತ್ಯಾಕಾಂಡದ ಸುದ್ದಿ ಇನ್ನೂ ಆರದಿದ್ದವರಿಗೆ, 'ಕೆಲಸ ಮುಗೀತಾ ಬಂತು' ಅಂತ ಯಾರೋ ಹೇಳಿದರೆ? ನಾನಾಗಿದ್ದರೂ ಪೀಪಾಯಿ ತುಂಬುತ್ತಿದ್ದೆನೇನೋ.

ಹ್ಯಾಂಬರ್ಗ್‌ನ ಪೋರ್ಚುಗೀಸ್ ಯಹೂದಿ ಹುಡುಗರು ಅಗಲವಾದ ಹಸಿರು ರೇಷ್ಮೆ ಪಟ್ಟಿ ಕಟ್ಟಿಕೊಂಡು ಸಿನಗಾಗ್‌ಗೆ ಕುಣಿಯುತ್ತಾ ಹೋದರಂತೆ. ಅತ್ತ ಸಬ್ಬತಾಯ್, ಆ ದೇವಾಲಯಕ್ಕಾಗಿ ಶೋಕಿಸುವ ಆವ್ ತಿಂಗಳ ಒಂಬತ್ತರ ಉಪವಾಸವನ್ನೇ ಹಬ್ಬ ಮಾಡಿದ. ಬೆಳಗಿನ ಪ್ರಾರ್ಥನೆಯಲ್ಲಿ ದೇವರು 'ಅಸೂರಿಮ್' ಅಂದರೆ ಬಂದಿಗಳನ್ನು ಬಿಡಿಸುವವನು. ಇವನು ಅದನ್ನು 'ಇಸೂರಿಮ್' ಮಾಡಿದ. ಒಂದೇ ಸ್ವರ ಹೊರಳಿ ದೇವರು ನಿಷಿದ್ಧಕ್ಕೆ ಅಪ್ಪಣೆ ಕೊಡುವವನಾದ. ಕಿಲಾಡಿ!

1666ರ ಸೆಪ್ಟೆಂಬರ್ 16, ಎಡಿರ್ನೆ. ಒಟ್ಟೋಮನ್ ದೊರೆ ನಾಲ್ಕನೇ ಮೆಹ್ಮೆದ್ ಸುಲ್ತಾನನ ಆಸ್ಥಾನ. ಸಾವು ಬೇಕೋ, ಇಸ್ಲಾಂ ಬೇಕೋ? ಸಬ್ಬತಾಯ್ ಮುಂಡಾಸು ಸುತ್ತಿಕೊಂಡ. ಅರಮನೆಯ ದ್ವಾರಪಾಲಕನ ಪದವಿ, ಸಂಬಳವೂ ಸಿಕ್ಕಿತು. ಜೀವಭಯಕ್ಕೆ ಬಗ್ಗಿದವನನ್ನು ನಾನು ಬೈಯಲಾರೆ. ಸಿಟ್ಟು ಬರೋದು ನಾಥನ್ ಮೇಲೆ. ಪಾತಾಳಕ್ಕೆ ಬಿದ್ದ ಕಿಡಿಗಳನ್ನೆತ್ತಲು ಮೆಸ್ಸೀಯ ತಾನೇ ಪಾತಾಳಕ್ಕೆ ಇಳಿದಿದ್ದಾನೆ ಅಂತ ಸಮಜಾಯಿಷಿ ಕೊಟ್ಟ. ಅದನ್ನೂ ನಂಬಿ 1683ರಲ್ಲಿ ಸಲೋನಿಕಾದ ನೂರಾರು ಕುಟುಂಬಗಳು ಹೊರಗೆ ಮುಸ್ಲಿಮರಾಗಿ, ಒಳಗೆ ಸಬ್ಬತಾಯ್‌ನನ್ನೇ ಕಾಯುತ್ತಾ ಉಳಿದವು.

ಗ್ಲುಕೆಲ್ ಈ ಕಾಯುವಿಕೆಯನ್ನು ಹೆರಿಗೆನೋವಿಗೆ ಹೋಲಿಸುತ್ತಾಳೆ. ಅಷ್ಟು ನೋವು ತಿಂದು ಕೊನೆಗೆ ಬಂದದ್ದು ಬರೀ ಗಾಳಿ.

ಪೀಪಾಯಿಗಳು ಅವಳ ಮನೆಯಲ್ಲೇ ಇದ್ದವು. ವರ್ಷ ದಾಟಿದ ಮೇಲೆ ಮಾಂಸ ಕೊಳೆತು ಬಟ್ಟೆ ಹಾಳಾದೀತು, ತಿನ್ನುವ ಸಾಮಾನು ತೆಗೆದುಬಿಡಿ ಅಂತ ಮುದುಕ ಕಾಗದ ಬರೆದ. ತೆಗೆದರು. ಬಟ್ಟೆ ಮಾತ್ರ ಹಾಗೇ ಇರಲಿ, ಪ್ರಯಾಣಕ್ಕೆ ಬೇಕಾಗುತ್ತೆ.