ರಿವೇರಾನ ಸುಣ್ಣ, ನಮ್ಮ ಕಾವಿ

ಡೆಟ್ರಾಯಿಟ್ ಕಲಾ ಸಂಗ್ರಹಾಲಯದಲ್ಲಿ ಮೆಕ್ಸಿಕೋದ ಡಿಯೇಗೊ ರಿವೇರಾ 1932–33ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಇಲ್ಲಿನ ಜನ ಅವುಗಳ ಮುಂದೆ ನಿಂತು ಫೋರ್ಡ್, ಕಾರ್ಮಿಕರು, ಕಮ್ಯೂನಿಸಂ ಎಂದೆಲ್ಲ ಮಾತಾಡುತ್ತಾರೆ. ಸುಣ್ಣದ ಮಾತು ಮಾತ್ರ ಬರುವುದೇ ಇಲ್ಲ. ಕುಮಟಾ, ಅಂಕೋಲಾ ಕಡೆಯ ದೇವಸ್ಥಾನಗಳ ಕಾವಿ ಕಲೆ (ಸುಣ್ಣದ ಗೋಡೆಯ ಮೇಲಿನ ಕೆಂಪು-ಬಿಳಿ ಚಿತ್ರ) ಬಲ್ಲವರ ಕಣ್ಣು ಮೊದಲು ಹೋಗುವುದು ಆ ಸುಣ್ಣಕ್ಕೇ.

ರಿವೇರಾನವು ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರಗಳು. ಇದರ ಬಣ್ಣದಲ್ಲಿ ಅಂಟು ಇರುವುದಿಲ್ಲ. ಪುಡಿಯನ್ನು ಬರೀ ನೀರಲ್ಲಿ ಅರೆದು ಹಸಿ ಗಾರೆಗೆ ಹಚ್ಚುತ್ತಾರೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೆರೆಯಾಗುತ್ತದೆ. ಕೊನೆಯ ಪದರ ಸುಣ್ಣ, ಅಮೃತಶಿಲೆ ಪುಡಿಯದು, ಕೆಲವೇ ಮಿಲಿಮೀಟರ್. ಅಂದಂದೇ ಬರೆದು ಮುಗಿಯುವಷ್ಟು ಜಾಗಕ್ಕಷ್ಟೇ ಬಳಿಯಬೇಕು. ಉಳಿದದ್ದನ್ನು ಕೆತ್ತಿ ತೆಗೆಯಬೇಕು. ಆ ಅಂಚನ್ನು ಆಕೃತಿಯ ಗೆರೆಗುಂಟ ಕತ್ತರಿಸದಿದ್ದರೆ ಮರುದಿನದ ಬೆಸುಗೆ ಎದ್ದು ಕಾಣುತ್ತದೆ. ಗಾರೆ ಕೆನೆಗಟ್ಟಿದ ಮೇಲೆ ಹಚ್ಚಿದ ಬಣ್ಣ ಸೀಮೆಸುಣ್ಣದಂತೆ ಕೈಗೆ ಬರುತ್ತದೆ. ಸುಣ್ಣ ಸರಿಯಾಗಿ ಅರಳದಿದ್ದರಂತೂ ಒಳಗುಳಿದ ಹರಳು ಆಮೇಲೆ ಉಬ್ಬಿ, ಚಿತ್ರದ ನಡುವೆಯೇ ಗುಳಿ ಬೀಳುತ್ತದೆ.

ಕಾವಿಯವರದ್ದೂ ಇದೇ ಅವಸರ, ದಾರಿ ಮಾತ್ರ ತಿರುಗಾಮುರುಗಾ. ಬಿಳಿ ಗಾರೆಯ ಮೇಲೆ ಕಾವಿ ಕಲಸಿದ ಪದರ ಬಳಿದು, ಹಸಿ ಇರುವಾಗಲೇ ಕಂಟದಿಂದ (ಮೊನಚಾದ ಲೋಹದ ಕಡ್ಡಿಯಿಂದ) ಕೆರೆದು ಬಿಳಿಯನ್ನು ಹೊರಗೆ ತರುತ್ತಾರೆ. ರಿವೇರಾ ಸೇರಿಸುತ್ತಾನೆ, ಇವರು ಕಳೆಯುತ್ತಾರೆ. ಕೈ ತಪ್ಪಿದರೆ ತಿದ್ದುವುದು ಇಬ್ಬರಿಗೂ ಸುಲಭವಲ್ಲ.

ತಮಾಷೆಯೆಂದರೆ, 1923ರ ಸುಮಾರಿಗೆ ಮೆಕ್ಸಿಕೋದ ಶಿಕ್ಷಣ ಸಚಿವಾಲಯದ ಗೋಡೆಗಳಲ್ಲಿ ರಿವೇರಾ ತಂಡ ಬಣ್ಣಕ್ಕೆ ಪಾಪಾಸುಕಳ್ಳಿಯ ಲೋಳೆ ಬೆರೆಸಿ ನೋಡಿತು. ಪ್ರಾಚೀನರ ಗುಟ್ಟು ಸಿಕ್ಕಿತೆಂದು ಸುದ್ದಿಯೂ ಆಯಿತು. ಲೋಳೆ ಕೊಳೆತು ಕಲೆ ಬಿತ್ತು, ಕೈಬಿಟ್ಟರು. ಕಾವಿಯ ಗಾರೆಗೆ ಬೆಲ್ಲ ಹಾಕುತ್ತಾರಲ್ಲ, ಅದೂ ಹುಳಿಯುವ ವಸ್ತುವೇ. ಆದರೆ ಅದನ್ನು ಮೊದಲೇ ಕಳಿಯಲು ಬಿಟ್ಟು, ಕುಟ್ಟಿ, ಆಮೇಲೆ ಗೋಡೆಗೆ ಹಾಕುತ್ತಾರೆ. ಈ ವಿಷಯದಲ್ಲಿ ನಮ್ಮ ಮೇಸ್ತ್ರಿಗಳೇ ಜಾಣರು ಅನ್ನಲು ನನಗೆ ಸಂಕೋಚವಿಲ್ಲ.

ಮೆಕ್ಸಿಕೋದ ಇನ್ನೊಬ್ಬ ಭಿತ್ತಿಚಿತ್ರಕಾರ, ರಿವೇರಾನ ಸಮಕಾಲೀನ ಸಿಕೇರೋಸ್ ಸುಣ್ಣ ಬಿಟ್ಟು ಕಾರಿನ ಬಣ್ಣ, ಸ್ಪ್ರೇ ಗನ್ ಹಿಡಿದ. ಹೊಸ ಗೋಡೆಗೆ ಅದು ಧೈರ್ಯ. ಊರ ಕಡೆ ಜೀರ್ಣೋದ್ಧಾರದ ಹೆಸರಲ್ಲಿ ಹಳೇ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿ ಆಯಿಲ್ ಪೇಂಟ್ ಹೊಡೆಯುವುದು ಬೇರೆಯೇ ಕತೆ: ಒಳಗಿನ ತೇವಕ್ಕೆ ಹೊರದಾರಿ ಇಲ್ಲದೆ, ಉಪ್ಪು ಹಿಂದಿನಿಂದ ಒತ್ತಿ, ಮಳೆಗಾಲಗಳು ಕಳೆದಂತೆ ಕಾವಿ ಗಾರೆಯ ಸಮೇತ ಹಕ್ಕಳೆಯಾಗಿ ಉದುರತೊಡಗುತ್ತದೆ.