ಗೋಡೆ ಹತ್ತಿದ ಐವಿ, ಕುರ್ಚಿ ಹತ್ತಿದ ನಾನು

ನಮ್ಮ ಮನೆಗೆ ಐವಿ ಬಳ್ಳಿ ಬಂದಿದ್ದು ಗಾಳಿ ಶುದ್ಧ ಮಾಡಲಿಕ್ಕೆ. ಹಾಗಂತ ನಾನು ಮನೆಯಲ್ಲಿ ಹೇಳಿದ್ದೆ. ನಿಜವಾದ ಕಾರಣ ಬೇರೆ. ಹಾಲ್‌ಗೆ ಹೊಸದಾಗಿ ಬಣ್ಣ ಹೊಡೆಸಿದ್ದೆವು, ಗೋಡೆ ಬೋಳುಬೋಳಾಗಿ ಕಾಣುತ್ತಿತ್ತು. ಕಿಟಕಿಯ ಸುತ್ತ ಕಮಾನಿನಂತೆ ಒಂದು ಬಳ್ಳಿ ಹಬ್ಬಿದರೆ ಎಷ್ಟು ಚೆನ್ನ ಅಂತ ಆಸೆ. ನನ್ನ ಆಸೆಗಳಿಗೆ ಹೆಂಡತಿ ಬಗ್ಗುವವಳಲ್ಲ, ವಿಜ್ಞಾನ ಅಂದರೆ ಸ್ವಲ್ಪ ಮೆತ್ತಗಾಗುತ್ತಾಳೆ. ಅದಕ್ಕೇ 1989ರ ನಾಸಾ ಪ್ರಯೋಗದ ಕಥೆ ತೆಗೆದೆ. ಐವಿ ಗಾಳಿಯಲ್ಲಿದ್ದ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕವನ್ನು ಹೀರಿತ್ತು ಎಂದೆ. ಅದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗೆ ನಡೆದದ್ದು ಎನ್ನುವ ಭಾಗವನ್ನು ನುಂಗಿಕೊಂಡೆ.

ಮಗಳು ಬಿಡಬೇಕಲ್ಲ. "ಅಪ್ಪಾ, ಮನೆಯೊಳಗೆ ಬಂದುಹೋಗುವ ಗಾಳಿ ಮಾಡೋ ಕೆಲಸವನ್ನ ಗಿಡಗಳೇ ಮಾಡಬೇಕಂದ್ರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ 2019ರಲ್ಲಿ ಲೆಕ್ಕ ಹಾಕಿದ್ದಾರೆ. ನಾವೆಲ್ಲಿ ಕೂರೋದು?"

ನಾನು ಆಗಲೇ ಕುಂಡ ತಂದಾಗಿತ್ತು.

ಕಿಟಕಿಯ ಪಕ್ಕ ಇಟ್ಟೆ. ಕೋಲು ನೆಟ್ಟೆ, ದಾರ ಕಟ್ಟಿದೆ, ಕಮಾನಿನ ದಾರಿಗೆ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತೂ ಹಾಕಿದೆ. ಎರಡು ತಿಂಗಳಲ್ಲಿ ಬಳ್ಳಿ ದಾರದಿಂದ ಜಾರಿಕೊಂಡು, ಕಿಟಕಿಗೆ ಬೆನ್ನು ತಿರುಗಿಸಿ, ಕಪಾಟಿನ ಹಿಂದಿನ ಕತ್ತಲೆಗೆ ಹೊರಟಿತು. ಎಳೆದು ತಂದು ಕಟ್ಟಿದೆ. ಮತ್ತೆ ಅದೇ. ಗಿಡ ಬೆಳಕಿನ ಕಡೆ ಬಾಗುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವನು ನಾನು. ಐವಿಯ ಎಳೆಯ ಕುಡಿ ಮಾತ್ರ ಕತ್ತಲೆಯ ಕಡೆಗೇ ಹೋಗುತ್ತದೆ ಎಂದು ಆಮೇಲೆ ಓದಿ ತಿಳಿಯಿತು. ಕಾಡಿನಲ್ಲಿ ಕತ್ತಲೆ ಇದ್ದ ಕಡೆ ಮರದ ಕಾಂಡ ಇರುತ್ತದಲ್ಲ, ಹತ್ತಲು ಬೇಕಾದ್ದು ಅದೇ. ಎಲೆಗೆ ಬೆಳಕು ಬೇಕು, ಕುಡಿಗೆ ಕತ್ತಲೆ ಬೇಕು. ಒಂದೇ ಗಿಡದಲ್ಲಿ ಎರಡು ಅಭಿಪ್ರಾಯ. ನಮ್ಮ ಮನೆಗೆ ಹೊಂದಿಕೊಳ್ಳುವ ಗಿಡವೇ ಅಂತ ಸಮಾಧಾನವಾಯಿತು.

ನೀರಿನ ವಿಷಯದಲ್ಲೂ ಎಡವಟ್ಟು ಮಾಡಿದೆ. ದಿನಾ ಬೆಳಿಗ್ಗೆ ಒಂದು ಲೋಟ. ಎಲೆ ಹಳದಿಯಾಯಿತು. ಪಾಪ ಬಾಯಾರಿದೆ ಅಂತ ಎರಡು ಲೋಟ ಮಾಡಿದೆ. ಇನ್ನಷ್ಟು ಹಳದಿ. ಬೇರು ಕೊಳೆಯುವ ಮೊದಲು ಹೆಂಡತಿ ಮಣ್ಣಿಗೆ ಬೆರಳು ಚುಚ್ಚಿ ನೋಡಿ, "ರೀ, ಇದು ಕುಂಡಾನೋ ಕೆಸರುಗದ್ದೆಯೋ?" ಎಂದಳು. ಮೇಲಿನ ಒಂದಂಗುಲ ಒಣಗಿದ ಮೇಲೆ ನೀರು ಹಾಕಿದರೆ ಸಾಕಂತೆ.

ಸರಿ, ನೀರು ಕಡಿಮೆ ಮಾಡಿದೆ. ಕುಂಡವನ್ನು ಒಣಗಲಿ ಎಂದು ಫ್ರಿಜ್ಜಿನ ಪಕ್ಕಕ್ಕೆ, ಬಿಸಿಗಾಳಿ ಬರುವ ಕಡೆ ಸರಿಸಿದೆ. ಐವಿಗೆ ಬೇಕಿರುವುದು ತಂಪು. ಒಣ ಸೆಕೆ ಅದಕ್ಕೆ ಆಗದು, ಅದರ ಶತ್ರುಗಳಿಗೆ ಮಾತ್ರ ಹಬ್ಬ. ಹದಿನೈದು ದಿನದಲ್ಲಿ ಎಲೆಗಳ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿ, ಎಲೆಯ ತೊಟ್ಟಿನ ಬಳಿ ನವಿರಾದ ಬಲೆ. ನನಗೆ ಖುಷಿ. ಜೇಡ ಬಂದಿದೆ, ಹುಳ ಹಿಡಿದು ತಿನ್ನುತ್ತದೆ, ಗಿಡಕ್ಕೆ ಪುಕ್ಕಟೆ ಕಾವಲುಗಾರ! ಕೆಲಸದವಳು ಧೂಳು ಹೊಡೆಯಲು ಬಂದರೆ "ಅದನ್ನ ಮುಟ್ಟಬೇಡಮ್ಮ" ಎಂದು ನಾನೇ ತಡೆದೆ.

ಮಗಳು ಭೂತಗನ್ನಡಿ ಹಿಡಿದಳು. "ಅಪ್ಪಾ, ನಿನ್ನ ಕಾವಲುಗಾರರು ಸುಮಾರು ಇನ್ನೂರು ಜನ ಇದ್ದಾರೆ." ಅರ್ಧ ಮಿಲಿಮೀಟರ್ ಕೂಡ ಇಲ್ಲದ ನುಸಿಗಳು. ಎಂಟು ಕಾಲು, ಜೇಡದ ದೂರದ ಸಂಬಂಧಿಗಳೇ. ಆದರೆ ಹುಳ ಹಿಡಿಯುವುದಿಲ್ಲ, ಎಲೆಯ ರಸವನ್ನೇ ಹೀರುತ್ತವೆ. ಮೂರು ವಾರ ನಾನು ಕಳ್ಳರಿಗೆ ಕಾವಲು ಕಾದಿದ್ದೆ.

ಇದಕ್ಕೆ ಮದ್ದು ಸ್ನಾನ. ಎಲೆಯ ಕೆಳಭಾಗಕ್ಕೆ ರಭಸವಾಗಿ ನೀರು ಬೀಳಬೇಕು, ಅಂದರೆ ಕುಂಡ ತಲೆಕೆಳಗಾಗಬೇಕು. ಮಣ್ಣು ಬೀಳದಂತೆ ಪ್ಲಾಸ್ಟಿಕ್ ಕವರ್ ಸುತ್ತಿ, ಎದೆಗೆ ಅವಚಿಕೊಂಡು ಬಚ್ಚಲಿಗೆ ಹೋದೆ. ಒಂದು ಕೈಯಲ್ಲಿ ಗಿಡ, ಇನ್ನೊಂದು ಕೈಯಲ್ಲಿ ಷವರ್. ಷವರ್ ನನ್ನ ಕಡೆ ತಿರುಗಿತು. ಕನ್ನಡಕ ಮಂಜಾಯಿತು. ಕವರ್ ಬಿಚ್ಚಿಕೊಂಡಿತು. ಆಮೇಲಿನದ್ದು ಬಚ್ಚಲಿನ ಕೊಳವೆಗೇ ಗೊತ್ತು. ಅರ್ಧ ಕುಂಡ ಮಣ್ಣು ಅದರೊಳಗೆ ಕೂತು, ನೀರು ನನ್ನ ಮೀನಖಂಡದವರೆಗೆ ಏರಿತು. ಹೊರಗಿಂದ, "ಸ್ನಾನ ಗಿಡಕ್ಕೋ ನಿಮಗೋ?" ಎಂಬ ಪ್ರಶ್ನೆ. ಉತ್ತರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನುಸಿ ಸರಿಯಾಗಿ ಹೋಗಬೇಕೆಂದರೆ ಈ ಸ್ನಾನ ಒಂದು ಸಲಕ್ಕೆ ಮುಗಿಯದು, ವಾರಕ್ಕೊಮ್ಮೆ ಕೆಲವು ವಾರ ಮಾಡಬೇಕು. ಎರಡನೇ ವಾರದಿಂದ ಬಚ್ಚಲಿನ ಬಾಗಿಲಿಗೆ ಹೆಂಡತಿಯೇ ಬೀಗ ಹಾಕಿದಳು. ಅಂಗಳದ ನಲ್ಲಿಯಲ್ಲಿ ಮುಂದುವರಿಸಿದೆ.

ಗಿಡ ಚೇತರಿಸಿಕೊಂಡಿತು. ಜಾಸ್ತಿಯೇ ಚೇತರಿಸಿಕೊಂಡಿತು. ಕತ್ತರಿ ಹಿಡಿದೆ, ಬರಿಗೈಯಲ್ಲಿ. ಐವಿಯ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಆ ಕೆಲವರಲ್ಲಿ ನಾನೂ ಒಬ್ಬ ಅಂತ ಮಾರನೆಯ ದಿನ ಕೆಂಪು ಗಂಧೆಗಳು ಹೇಳಿದವು. ಎಲೆ ತಿಂದರೆ ನಾಯಿ ಬೆಕ್ಕಿಗೂ ಕೆಟ್ಟದ್ದು. ಪಕ್ಕದ ಮನೆಯ ಬೆಕ್ಕು ಮಾತ್ರ ಒಂದು ಸಲ ಮೂಸಿ ನೋಡಿ ಹೋಯಿತು. ನಮ್ಮ ಮನೆಯಲ್ಲಿ ಬುದ್ಧಿವಂತಿಕೆ ತೋರಿಸಿದ್ದು ಅದೊಂದೇ.

ಇಷ್ಟರಲ್ಲಿ ಒಂದು ಕುಡಿ ನನಗೆ ಗೊತ್ತಿಲ್ಲದೆ ಹೊಸ ಬಣ್ಣದ ಗೋಡೆಯನ್ನು ಹತ್ತಿ ಸೂರಿನವರೆಗೆ ಹೋಗಿತ್ತು. ಕುರ್ಚಿ ಹಾಕಿ ಹತ್ತಿ, ಮೆಲ್ಲಗೆ ಎಳೆದೆ. ಬರಲಿಲ್ಲ. ಐವಿಯ ಪುಟ್ಟ ಬೇರುಗಳು ಮೊದಲು ಅಂಟು ಸುರಿಸುತ್ತವೆ. ಆಮೇಲೆ ಬೇರಿನ ರೋಮಗಳು ಗೋಡೆಯ ಸಣ್ಣ ಸಂದಿಗಳಿಗೆ ಹೊಕ್ಕು, ಒಣಗಿ ಸುರುಳಿಯಾಗಿ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ. ಜೋರಾಗಿ ಎಳೆದೆ. ಬಳ್ಳಿ ಬಂತು. ಬಣ್ಣವೂ ಬಂತು. ಗೋಡೆಯ ಮೇಲೆ ಮೇಲಿನಿಂದ ಕೆಳಗೆ ಜರಿ ಹರಿದಾಡಿದಂಥ ಗುರುತು ಉಳಿಯಿತು.

ಗುರುತು ಮುಚ್ಚಲು ನಮ್ಮ ಮದುವೆಯ ದೊಡ್ಡ ಫೋಟೋ ತಂದು ಅಲ್ಲಿ ತೂಗುಹಾಕಿದೆ. ಹೆಂಡತಿಗೆ ಸಂತೋಷವಾಯಿತು, ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನೇ ನೆನಪಿಟ್ಟು ಹಾಕಿದ್ದು ಅಂತ. ನಾನು ಏನೂ ಹೇಳಲಿಲ್ಲ.

ಮೊನ್ನೆ ಊಟ ಮಾಡುತ್ತಾ ಆಕೆ ತಲೆ ಎತ್ತಿ ನೋಡಿದಳು. "ರೀ, ಫೋಟೋ ಯಾಕೆ ಸೊಟ್ಟಗಿದೆ?" ಫೋಟೋದ ಹಿಂದೆ ಒಳ್ಳೆ ಕತ್ತಲೆ ಇರುತ್ತದೆ, ಅಲ್ವಾ. ನಾನು ಮಾತಾಡದೆ ಕೈ ತೊಳೆದು ಬಂದು ಕುರ್ಚಿ ಎಳೆದುಕೊಂಡೆ.