ಮುದ್ರೆ ನೋಡಿದರಾಯಿತೆ? ತೂಕ ಯಾರು ನೋಡುತ್ತಾರೆ?
ಹಾಲ್‌ಮಾರ್ಕ್ ಇದ್ದರೆ ಕಣ್ಣುಮುಚ್ಚಿ ಚಿನ್ನ ಕೊಳ್ಳಬಹುದು ಎಂದು ಲೇಖನವೊಂದರಲ್ಲಿ ಓದಿದೆ. ಅಷ್ಟು ಸಲೀಸಲ್ಲ ಸ್ವಾಮಿ. ಮುದ್ರೆ ಹೇಳುವುದು ಶುದ್ಧತೆ ಮಾತ್ರ. ದುಡ್ಡು ಸೋರುವುದು ತೂಕದಲ್ಲಿ, ವೇಸ್ಟೇಜಿನಲ್ಲಿ (ಒಡವೆ ಮಾಡುವಾಗ ಸವೆದ ಚಿನ್ನವೆಂದು ಅಂಗಡಿಯವರು ಸೇರಿಸುವ ಲೆಕ್ಕ). 8 ಗ್ರಾಂ ತೂಗುವ ಕಲ್ಲಿನ ಓಲೆಯಲ್ಲಿ ಒಂದೂವರೆ ಗ್ರಾಂ ಕಲ್ಲು, ಅರಗೇ ಇರಬಹುದು. ಒಟ್ಟು ತೂಕ, ನಿವ್ವಳ ತೂಕ ಎರಡನ್ನೂ ಬಿಲ್ಲಿನಲ್ಲಿ ಬರೆಸಿ, ಯಾಕೆಂದರೆ ವಾಪಸ್ ಮಾರುವಾಗ ಆ ಬಣ್ಣದ ಕಲ್ಲುಗಳಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ವೇಸ್ಟೇಜ್ 18% ಅಂದರೆ 10 ಗ್ರಾಂ ಸರಕ್ಕೆ 11.8 ಗ್ರಾಂ ಚಿನ್ನದ ದುಡ್ಡು ಕೊಟ್ಟಂತೆ, ಮೇಲೆ 3% ಜಿಎಸ್‌ಟಿ. (ಚೌಕಾಸಿ ಮಾಡಬೇಕಾದ್ದು ಇಲ್ಲಿ, ದಿನದ ದರದಲ್ಲಲ್ಲ.) 916ರ (22 ಕ್ಯಾರೆಟ್ ಗುರುತು) ಪಕ್ಕದಲ್ಲಿ ಪ್ರತಿ ಒಡವೆಗೂ ಬೇರೆಯೇ ಇರುವ, ಅಕ್ಷರ-ಅಂಕಿ ಸೇರಿ ಆರರ ಗುರುತುಸಂಖ್ಯೆ ಎಚ್‌ಯುಐಡಿಯನ್ನು ಅಂಗಡಿಯಲ್ಲಿ ಕೂತೇ ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಕೈಯಲ್ಲಿ ಬಳೆ, ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಅಲ್ಲೇ ವಾಪಸ್ ಇಟ್ಟು ಎದ್ದುಬನ್ನಿ.